ಎಳ್ಳು, ಬೆಲ್ಲಕ್ಕೆ ಮನೆಯೊಳಗೊಂದು ಮನೆ

ನಮ್ಮ ಗಿನಿಪಿಗ್ ಎಳ್ಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದ ಮಗಳು ತಟ್ಟನೆ ಕರೆದಳು: "ಅಮ್ಮಾ, ಇದರ ಪಾದಕ್ಕೆ ಕುಂಕುಮ ಹತ್ತಿದೆ ನೋಡು." ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಹಿಂಗಾಲಿನ ಅಂಗಾಲೇ ಕೆಂಪಗೆ ಊದಿಕೊಂಡಿತ್ತು, ನಡುವೆ ಸಣ್ಣದೊಂದು ಹಕ್ಕಳೆ.

ಮೊಲಕ್ಕಿಂತ ಚಿಕ್ಕದಾದ, ಬಾಲವಿಲ್ಲದ ಈ ಎರಡು ಗಿನಿಪಿಗ್‌ಗಳನ್ನು ನಾವು ಮನೆಗೆ ತಂದಿದ್ದು ಸಂಕ್ರಾಂತಿಯ ವಾರ. ಕಪ್ಪಗಿರುವುದು ಎಳ್ಳು, ಕಂದು ಬಣ್ಣದ್ದು ಬೆಲ್ಲ. ಎರಡೂ ಹೆಣ್ಣು. ಪ್ರಾಣಿಗಳ ಜೊತೆಗೇ ಅಂಗಡಿಯವರು ಒಂದು ಪಂಜರವನ್ನೂ ಕೊಟ್ಟಿದ್ದರು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಸುತ್ತಲೂ ತಂತಿ, ನೆಲವೂ ತಂತಿಯದೇ, ಅದರ ಕೆಳಗೆ ಎಳೆದು ತೆಗೆಯುವ ಟ್ರೇ. ಹಿಕ್ಕೆಯೆಲ್ಲ ಕೆಳಗೆ ಬೀಳುತ್ತದೆ, ತೊಳೆಯುವುದು ಸುಲಭ ಎಂದರು. ನಾನು ನಂಬಿದೆ. ಆರು ವಾರ ಆ ಎರಡು ಜೀವಗಳು ತಂತಿಯ ಮೇಲೆ ನಿಂತು, ತಂತಿಯ ಮೇಲೆ ಮಲಗಿದ್ದವು.

ಪಶುವೈದ್ಯರು ಎಳ್ಳನ್ನು ಅಂಗಾತ ಹಿಡಿದು ನನಗೆ ಪಾದ ತೋರಿಸಿದರು. ಮೊಲಕ್ಕಿರುವ ಹಾಗೆ ಗಿನಿಪಿಗ್‌ಗೆ ಅಂಗಾಲಿನಲ್ಲಿ ಕೂದಲಿಲ್ಲ, ಬರೀ ತೆಳು ಚರ್ಮ. ಬೆಳೆದ ಗಿನಿಪಿಗ್ ಮುಕ್ಕಾಲು ಕಿಲೋದಿಂದ ಒಂದು ಕಿಲೋ ಮೇಲೆ ತೂಗುತ್ತದೆ. ಆ ಭಾರವೆಲ್ಲ ತಂತಿಯ ಗೆರೆಯ ಮೇಲೆ ಬಿದ್ದರೆ ಚರ್ಮ ಕೆಂಪಾಗಿ, ಒಡೆದು, ಹುಣ್ಣಾಗುತ್ತದೆ. ಬಿಟ್ಟರೆ ಸೋಂಕು ಮೂಳೆಯವರೆಗೂ ಇಳಿಯಬಹುದು. ಇದಕ್ಕೆ ಬಂಬಲ್‌ಫೂಟ್ ಅನ್ನುತ್ತಾರಂತೆ. ನಮ್ಮ ಹಾಗೆಯೇ ಇವುಗಳ ದೇಹಕ್ಕೂ ವಿಟಮಿನ್ ಸಿ ತಯಾರಿಸಿಕೊಳ್ಳಲು ಬರುವುದಿಲ್ಲ, ಅದು ಕಡಿಮೆಯಾದರೆ ಗಾಯ ಮಾಯುವುದೂ ತಡ. ಆದ್ದರಿಂದ ದಿನಾ ಒಂದು ಹೋಳು ದೊಣ್ಣೆಮೆಣಸಿನಕಾಯಿ ಕೊಡಿ ಅಂದರು. ಮುಲಾಮು ಬರೆದುಕೊಟ್ಟು ಕೊನೆಗೆ ಹೇಳಿದರು: "ಔಷಧಿ ನಾನು ಕೊಡ್ತೀನಿ ಕಣಮ್ಮಾ, ನೆಲ ನೀವು ಬದಲಾಯಿಸಬೇಕು."

ಆ ರಾತ್ರಿಯೇ ತಂತಿಯ ಮೇಲೆ ರಟ್ಟು ಹಾಸಿ, ಅದರ ಮೇಲೆ ಹಳೇ ಟವಲ್ ಹಾಕಿದೆ. ಅದು ತಾತ್ಕಾಲಿಕ. ಬೇರೆ ಪಂಜರ ಕೊಳ್ಳುವ ಮೊದಲು ಇವುಗಳಿಗೆ ನಿಜವಾಗಿ ಏನು ಬೇಕು ಅನ್ನುವುದನ್ನು ನೋಡಬೇಕಿತ್ತು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹೊಲಿಗೆ ಕೋಣೆಯ ಬಾಗಿಲು ಹಾಕಿ, ಸೂಜಿ, ಗುಂಡುಪಿನ್ನು, ವೈರುಗಳನ್ನೆಲ್ಲ ಎತ್ತಿಟ್ಟು ನಾಲ್ಕು ದಿನ ಸಂಜೆ ಅವೆರಡನ್ನೂ ನೆಲದ ಮೇಲೆ ಬಿಟ್ಟೆ. ಮೊದಲ ದಿನ ಮಂಚದ ಕೆಳಗಿಂದ ಹೊರಗೇ ಬರಲಿಲ್ಲ. ಮೂರನೆಯ ದಿನ ಗೋಡೆ ಹಿಡಿದು ಓಡಲು ಶುರು ಮಾಡಿದವು, ಒಂದರ ಹಿಂದೆ ಒಂದು, ಗೋಡೆಯ ಬುಡ ಬಿಟ್ಟು ನಡುಕೋಣೆಗೆ ಬಾರದ ಹಾಗೆ. ನಾಲ್ಕನೆಯ ದಿನ ಬೆಲ್ಲ ಓಡುತ್ತಾ ಓಡುತ್ತಾ ನಾಲ್ಕೂ ಕಾಲೆತ್ತಿ ಗಾಳಿಯಲ್ಲಿ ನೆಗೆದು, ಮೈ ತಿರುಚಿ ಕೆಳಗೆ ಬಂತು. ಬಾಣಲೆಯಲ್ಲಿ ಅರಳು ಸಿಡಿದ ಹಾಗೆ. ಖುಷಿಯಾದಾಗ ಗಿನಿಪಿಗ್ ಹೀಗೆ ನೆಗೆಯುತ್ತದೆ. ಆ ಆರು ವಾರ ಪಂಜರದಲ್ಲಿ ಒಮ್ಮೆಯೂ ಹಾಗೆ ನೆಗೆದದ್ದನ್ನು ನಾವು ಕಂಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಕೋಳಿಗೂ ಓಡಾಡಾಕೆ ಅಂಗಳ ಬಿಡ್ತೀವಿ, ಇವಕ್ಕೆ ಬ್ಯಾಡೇನವ್ವಾ?" ಅಂದರು. ಅದು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಇವು ಓಡುವ ಪ್ರಾಣಿಗಳು, ಹತ್ತುವ ಪ್ರಾಣಿಗಳಲ್ಲ. ಇವುಗಳ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಸೀಮೆ. ಕಾಡಿನ ಬಂಧುಗಳು ಇಂದಿಗೂ ಅಲ್ಲಿ ಎತ್ತರದ ಹುಲ್ಲಿನ ನಡುವೆ ದಾರಿ ಮಾಡಿಕೊಂಡು ಗುಂಪಾಗಿ ಓಡಾಡುತ್ತವೆ. ಹಾಗಾಗಿ ಇವಕ್ಕೆ ಬೇಕಿರುವುದು ಎತ್ತರವಲ್ಲ, ಉದ್ದದ ನೆಲ ಮತ್ತು ಜೊತೆ. ಜೊತೆಯ ವಿಷಯವನ್ನು ಕೆಲವು ದೇಶಗಳು ಎಷ್ಟು ಗಂಭೀರವಾಗಿ ತೆಗೆದುಕೊಂಡಿವೆ ಎಂದರೆ, ಸ್ವಿಟ್ಜರ್ಲೆಂಡ್‌ನಲ್ಲಿ 2008ರಿಂದ ಒಂಟಿ ಗಿನಿಪಿಗ್ ಸಾಕುವುದೇ ಕಾನೂನಿಗೆ ವಿರುದ್ಧ. ಎರಡಕ್ಕೆ ಏಳೂವರೆ ಚದರ ಅಡಿ ತೀರಾ ಕನಿಷ್ಠ, ಹತ್ತೂವರೆ ಇದ್ದರೆ ಒಳ್ಳೆಯದು ಎನ್ನುವುದು ಸಾಕುವವರು ಸಾಮಾನ್ಯವಾಗಿ ಪಾಲಿಸುವ ಅಳತೆ. ನಮ್ಮ ಪಂಜರ ಮೂರು ಚದರ ಅಡಿ.

ಅಂಗಡಿ ಅಂಗಡಿ ಸುತ್ತಿ ಏನೇನು ಸಿಗುತ್ತದೆ ನೋಡಿದೆ. ಮೊಲಕ್ಕೆಂದು ಮಾರುವ ಎರಡಂತಸ್ತಿನ ಪಂಜರ ನೋಡಲು ಚೆಂದ, ಆದರೆ ಒಂದೊಂದು ಅಂತಸ್ತೂ ಇಕ್ಕಟ್ಟು, ಏಣಿಯಿಂದ ಬಿದ್ದರೆ ಕಾಲು ಮುರಿಯಬಹುದು. ಗಾಜಿನ ಮೀನಿನ ತೊಟ್ಟಿಯಲ್ಲಿ ಗಾಳಿಯಾಡುವುದಿಲ್ಲ, ಮೂತ್ರದ ಅಮೋನಿಯಾ ಒಳಗೇ ನಿಂತು ಶ್ವಾಸಕೋಶಕ್ಕೆ ಇಳಿಯುತ್ತದೆ, ಸೆಕೆಯಂತೂ ಕೇಳಲೇಬೇಡಿ. ಬಡಗಿಯವರು ಪ್ಲೈವುಡ್‌ನಲ್ಲಿ ಮಾಡಿಕೊಡುತ್ತೇನೆ ಎಂದರು. ಮರ ಮೂತ್ರ ಹೀರಿದ ಮೇಲೆ ವಾಸನೆ ಹೋಗುವುದೇ ಇಲ್ಲ. ಕೊನೆಗೆ ನಾನೇ ಕಟ್ಟುವುದೆಂದು ತೀರ್ಮಾನಿಸಿದೆ.

ಬಟ್ಟೆ ಗುರುತು ಮಾಡುವ ಚಾಕ್‌ನಲ್ಲಿ ಹೊಲಿಗೆ ಕೋಣೆಯ ನೆಲದ ಮೇಲೆ ಗೆರೆ ಎಳೆದೆ. ಮೊದಲು ಚೌಕಾಕಾರ, ಆಮೇಲೆ ಅಷ್ಟೇ ಚದರ ಅಡಿಯ ಉದ್ದನೆಯ ಆಕಾರ. ಅವು ಗೋಡೆಗುಂಟ ಓಡುವುದನ್ನು ನೋಡಿದ್ದೆನಲ್ಲ, ಉದ್ದನೆಯದನ್ನೇ ಉಳಿಸಿ ಚೌಕವನ್ನು ಅಳಿಸಿಬಿಟ್ಟೆ. ಒಂದು ದಿನ ಆ ಗೆರೆಯನ್ನು ಹಾಗೇ ಬಿಟ್ಟು ಮನೆಯವರೆಲ್ಲ ಓಡಾಡಿದೆವು. ಬಾಗಿಲು ತೆರೆಯಲು ಅಡ್ಡವಾಗುತ್ತದೆಯೇ, ನನ್ನ ಕುರ್ಚಿ ಹಿಂದೆ ಸರಿಯುತ್ತದೆಯೇ, ಕಸ ಗುಡಿಸಲು ಆಗುತ್ತದೆಯೇ ಎಂಬುದೆಲ್ಲ ಖರ್ಚಿಲ್ಲದೆ ಗೊತ್ತಾಯಿತು.

ಗೋಡೆಗೆ ಬಳಸಿದ್ದು ಬಟ್ಟೆ, ಚಪ್ಪಲಿ ಜೋಡಿಸಿಡಲು ಆನ್‌ಲೈನ್‌ನಲ್ಲಿ ಮಾರುವ ತಂತಿ ಜಾಲರಿಯ ಚೌಕಗಳು, ಒಂದೊಂದೂ 14 ಇಂಚು. ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು, ಸುತ್ತಲಿಗೆ ಒಟ್ಟು 12. ಕೊಳ್ಳುವಾಗ ಜಾಲರಿಯ ಕಿಂಡಿ ಒಂದೂವರೆ ಇಂಚಿಗಿಂತ ಸಣ್ಣದಿರಬೇಕು, ದೊಡ್ಡದಿದ್ದರೆ ಮರಿಗಳ ತಲೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಬರುವ ಪ್ಲಾಸ್ಟಿಕ್ ಕೊಂಡಿಗಳನ್ನಷ್ಟೇ ನಂಬದೆ ಎಲ್ಲ ಮೂಲೆಗೂ ಕೇಬಲ್ ಟೈ ಬಿಗಿದು, ಅದರ ಚೂಪು ತುದಿಗಳು ಹೊರಮುಖವಾಗಿರುವಂತೆ ಕತ್ತರಿಸಿದೆ. ಗಿನಿಪಿಗ್ ಹಾರಿ ಹೋಗಲು 14 ಇಂಚಿನ ಗೋಡೆ ಅಡ್ಡಿಯೇ. ಆದರೆ ಬೀದಿಯ ಬೆಕ್ಕು ಒಳಗೆ ಬರಲು ಅಡ್ಡಿಯಲ್ಲ. ಅದಕ್ಕೆ ಇನ್ನೂ ಎಂಟು ಚೌಕಗಳ ಮುಚ್ಚಳ. ಮುಂಭಾಗದ ಒಂದು ಚೌಕವನ್ನು ಬಾಗಿಲಿನಂತೆ ತೆರೆಯುವ ಹಾಗೆ ಬಿಟ್ಟೆ. ಮೇಲಿನಿಂದ ಕೈ ಇಳಿದರೆ ಇವಕ್ಕೆ ಹದ್ದು ಎರಗಿದಂತೆ, ಪಕ್ಕದಿಂದ ಬಂದರೆ ಅಷ್ಟು ಹೆದರುವುದಿಲ್ಲ.

ನೆಲಕ್ಕೆ ಫ್ಲೆಕ್ಸ್ ಮುದ್ರಿಸುವ ಅಂಗಡಿಯಿಂದ ಸನ್‌ಪ್ಯಾಕ್ ಶೀಟ್ ತಂದೆ, ಒಳಗೆ ಟೊಳ್ಳು ಗೆರೆಗಳಿರುವ ಆ ಹಗುರ ಪ್ಲಾಸ್ಟಿಕ್ ಹಲಗೆ. ಒಳನೆಲ 55 ಇಂಚು ಉದ್ದ, 27 ಇಂಚು ಅಗಲ, ಎಂದರೆ ಹತ್ತು ಚದರ ಅಡಿಗೆ ತುಸು ಮೇಲೆ. ನಾಲ್ಕೂ ಕಡೆ ಆರಾರು ಇಂಚಿನ ಅಂಚು ಬೇಕು, ಹಿಕ್ಕೆ, ಹುಲ್ಲು ಹೊರಗೆ ಚೆಲ್ಲಬಾರದಲ್ಲ. ಹಾಗಾಗಿ ಕತ್ತರಿಸಿದ ಅಳತೆ 67ಕ್ಕೆ 39 ಇಂಚು. ಆರಡಿಗೆ ನಾಲ್ಕಡಿಯ ಒಂದೇ ಶೀಟಿನಲ್ಲಿ ಹೊಂದಿತು. ಮಡಿಕೆಯ ಗೆರೆಯಲ್ಲಿ ಹೊರಮೈಯ ಒಂದು ಪದರವನ್ನು ಮಾತ್ರ ಬ್ಲೇಡಿನಿಂದ ಕೊಯ್ಯಬೇಕು, ಎರಡೂ ಪದರ ಕೊಯ್ದರೆ ಅಂಚು ಕಿತ್ತು ಬರುತ್ತದೆ. ಮೂಲೆಯಲ್ಲಿ ಆರು ಇಂಚು ಸೀಳಿ, ಮಡಚಿ, ಹೊರಗಡೆಯಿಂದ ಟೇಪ್ ಹಾಕಿದೆ. ಒಳಗಡೆ ಹಾಕಿದ್ದರೆ ಅವು ಕಡಿದು ನುಂಗುತ್ತಿದ್ದವು. ಡಬ್ಬದ ಆಕಾರದ ಈ ತಟ್ಟೆ ಜಾಲರಿಯ ಒಳಗೆ ಕೂತಿತು, ಮೂತ್ರದ ಒಂದು ಹನಿಯೂ ನೆಲಕ್ಕೆ ಇಳಿಯಲಿಲ್ಲ.

ಮನೆ ಸಿದ್ಧವಾಯಿತು, ಆದರೆ ಅದನ್ನು ಎಲ್ಲಿಡಬೇಕು ಎಂಬ ವಿಷಯದಲ್ಲೇ ನಾನು ಹೆಚ್ಚು ಪಾಡು ಪಟ್ಟಿದ್ದು. ಮಗಳಿಗೆ ಅದು ಮಹಡಿಯ ತನ್ನ ಕೋಣೆಯಲ್ಲಿ ಬೇಕಿತ್ತು. ದಾವಣಗೆರೆಯಲ್ಲಿ ಏಪ್ರಿಲ್ ಬಂದರೆ 37, 38 ಡಿಗ್ರಿ. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ರಾತ್ರಿ ಹತ್ತಾದರೂ ಕೆಳಕ್ಕೆ ಝಳ ಬಿಡುತ್ತಲೇ ಇರುತ್ತದೆ. ಗಿನಿಪಿಗ್‌ಗೆ ಹಿತವಾಗಿರುವುದು 18ರಿಂದ 24 ಡಿಗ್ರಿ. ಅದಕ್ಕೆ ಬೆವರಿ ತಣ್ಣಗಾಗಲು ಬಾರದು, ಮೈಮೇಲೆ ದಟ್ಟ ಕೂದಲು ಬೇರೆ. 27 ದಾಟಿದರೆ ಎಚ್ಚರ ಬೇಕು. ಒಂದು ಗೋಡೆ ಥರ್ಮಾಮೀಟರ್ ತಂದು ಮೂರು ದಿನ ಮಧ್ಯಾಹ್ನ ಮೂರಕ್ಕೆ ಒಂದೊಂದು ಕಡೆ ಅಳೆದೆ. ಮಹಡಿ ಕೋಣೆ 36. ಬೀದಿಗಿರುವ ಹಾಲ್ 33. ನಡುಮನೆಗೆ ಹೊಂದಿಕೊಂಡ ಹೊಲಿಗೆ ಕೋಣೆ, ಅದರ ಹಳೇ ಕೆಂಪು ಗಾರೆಯ ನೆಲದ ಮೇಲೆ 30. ಮಗಳಿಗೆ ಸಂಖ್ಯೆಗಳನ್ನು ತೋರಿಸಿದೆ, ಅವಳು ಮತ್ತೆ ಮಹಡಿಯ ಮಾತೆತ್ತಲಿಲ್ಲ. ಬಾಲ್ಕನಿಯಂತೂ ಬೇಡವೇ ಬೇಡ: ಬಿಸಿಲು, ಕಾಗೆ, ಬೆಕ್ಕು. ಅಡುಗೆಮನೆಯ ಪಕ್ಕವೂ ಬೇಡ, ಒಗ್ಗರಣೆಯ ಘಾಟು ಆ ಸಣ್ಣ ಶ್ವಾಸಕೋಶಕ್ಕೆ ಆಗದು.

ಹೊಲಿಗೆ ಕೋಣೆಯಲ್ಲೂ ಒಂದು ತಪ್ಪು ಮಾಡಿದೆ. ಮೆಷಿನ್ನಿನ ಪಕ್ಕದಲ್ಲೇ ಇಟ್ಟೆ, ಕೆಲಸ ಮಾಡುತ್ತಾ ನೋಡಿಕೊಳ್ಳಬಹುದಲ್ಲ ಎಂದು. ಮೋಟಾರು ಶುರುವಾದ ಕೂಡಲೇ ಬೆಲ್ಲ ಕಲ್ಲಿನಂತೆ ನಿಶ್ಚಲ. ನೆಲದ ಅದುರು ಅದರ ಹೊಟ್ಟೆಗೇ ತಾಗುತ್ತಿತ್ತು. ಎದುರು ಗೋಡೆಗೆ ಸರಿಸಿ, ತಟ್ಟೆಯ ಕೆಳಗೆ ಹಳೇ ಜಮಖಾನ ಹಾಸಿದ ಮೇಲೆ ನಾಲ್ಕೈದು ದಿನದಲ್ಲಿ ಮೆಷಿನ್ ಓಡುತ್ತಿದ್ದರೂ ಹುಲ್ಲು ಮೇಯತೊಡಗಿತು.

30 ಡಿಗ್ರಿಯೂ ಹೆಚ್ಚೇ. ಬೇಸಿಗೆಯಲ್ಲಿ ಜಮಖಾನ ತೆಗೆದುಬಿಡುತ್ತೇನೆ. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದಿದ್ದ ಕಡಪ ಕಲ್ಲಿನ ಒಂದು ತುಂಡನ್ನು ಅಂಚು ಉಜ್ಜಿಸಿ ಒಳಗಿಟ್ಟಿದ್ದೇನೆ, ಮಧ್ಯಾಹ್ನ ಎಳ್ಳು ಅದರ ಮೇಲೆಯೇ ಮಲಗುತ್ತದೆ. ಫ್ರೀಜರ್‌ನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಬದಿಗಿಡುತ್ತೇನೆ, ಬೇಕೆಂದಾಗ ಹತ್ತಿರ ಹೋಗಲಿ, ಬೇಡವೆಂದಾಗ ದೂರ ಸರಿಯಲಿ. ಕಿಟಕಿಗೆ ಒದ್ದೆ ಪರದೆ, ಫ್ಯಾನು ಓಡುತ್ತಿರುತ್ತದೆ, ಆದರೆ ಟೇಬಲ್ ಫ್ಯಾನಿನ ಗಾಳಿ ನೇರ ಮೈಮೇಲೆ ಬೀಳಬಾರದು. ಮೈಚಾಚಿ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದರೆ, ಬಾಯಲ್ಲಿ ಜೊಲ್ಲು ಕಂಡರೆ ಕಾಯುವ ಮಾತೇ ಇಲ್ಲ, ತಂಪಾದ ಒದ್ದೆ ಬಟ್ಟೆಯಲ್ಲಿ ಸುತ್ತಿ ವೈದ್ಯರ ಬಳಿಗೆ ಓಡಬೇಕು.

ಹಾಸಿಗೆಯ ವಿಷಯದಲ್ಲಿ ನನ್ನ ಕಸುಬು ಕೈಹಿಡಿಯಿತು. ಮೊದಲು ಬಡಗಿಯಿಂದ ಮರದ ಹೊಟ್ಟು ತಂದು ಹಾಸಿದ್ದೆ, ಯಾವ ಮರದ್ದೋ ಏನೋ, ಎರಡೇ ದಿನಕ್ಕೆ ಎರಡೂ ಸೀನತೊಡಗಿದವು. ದೂಳು ಒಂದು ಕಡೆ, ದೇವದಾರು, ಪೈನ್‌ನಂಥ ಮರಗಳ ಘಾಟು ಇನ್ನೊಂದು ಕಡೆ, ಎರಡೂ ಇವಕ್ಕೆ ಕೆಟ್ಟದ್ದು. ಈಗ ನಾನೇ ಹೊಲಿದ ಹಾಸುಗಳಿವೆ. ಮೇಲೆ ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಸಿಂಥೆಟಿಕ್ ಬಟ್ಟೆ, ನಡುವೆ ಎರಡು ಪದರ ಹಳೇ ಟವಲ್, ಸುತ್ತಲೂ ದಟ್ಟ ಹೊಲಿಗೆ, ದಾರದ ಎಳೆ ಎಲ್ಲೂ ನೇತಾಡಬಾರದು, ಕಾಲಿಗೆ ಸುತ್ತಿಕೊಳ್ಳುತ್ತದೆ. ಹೊಸ ಫ್ಲೀಸ್ ನೀರನ್ನು ಕೆಳಗಿಳಿಸದೆ ಮೇಲೆಯೇ ನಿಲ್ಲಿಸುತ್ತದೆ. ಬಿಸಿನೀರಿನಲ್ಲಿ ಮೂರು ನಾಲ್ಕು ಸಲ ಒಗೆದು, ಒಂದು ಚಮಚ ನೀರು ಹಾಕಿ ನೋಡಬೇಕು, ಅದು ಕೆಳಗೆ ಇಳಿದು ಮೇಲ್ಮೈ ಒಣಗಿದ್ದರೆ ಹಾಸು ತಯಾರು. ಬಟ್ಟೆ ಮೃದುವಾಗಿಸುವ ದ್ರಾವಣ ಹಾಕಿದರೆ ಮತ್ತೆ ನೀರು ಇಳಿಯುವುದಿಲ್ಲ. ಹೊಲಿಯಲು ಬಾರದವರು ಮಕ್ಕಳ ಡ್ರೈ ಶೀಟ್ ಬಳಸಬಹುದು, ಅಂಚು ಕಡಿಯುತ್ತವೆಯೇ ಎಂದು ಮಾತ್ರ ಗಮನಿಸಬೇಕು.

ಇವು ಮೇಯುವಲ್ಲಿಯೇ ಹೆಚ್ಚು ಹಿಕ್ಕೆ ಹಾಕುತ್ತವೆ. ಇದು ಗೊತ್ತಾದ ಮೇಲೆ ಒಂದು ತುದಿಯನ್ನು ಹುಲ್ಲಿಗೇ ಬಿಟ್ಟುಕೊಟ್ಟೆ. ಅಲ್ಲಿ ಅಗಲವಾದ ತಗ್ಗು ಟ್ರೇ, ಅದರಲ್ಲಿ ಹಳೇ ಪತ್ರಿಕೆ, ಮೇಲೆ ರಾಶಿ ಒಣಹುಲ್ಲು. ಆ ಪತ್ರಿಕೆ ದಿನಾ ಬದಲು, ಉಳಿದ ಹಾಸು ಮೂರು ದಿನಕ್ಕೊಮ್ಮೆ. ಮೂತ್ರದ ಬಿಳಿ ಕಲೆ ಗಟ್ಟಿಯಾಗಿ ಅಂಟಿದ್ದರೆ ವಿನೆಗರ್‌ಗೆ ಸಮ ನೀರು ಬೆರೆಸಿ ಉಜ್ಜಿದರೆ ಬಿಡುತ್ತದೆ. ಜೀವಮಾನವಿಡೀ ಬೆಳೆಯುವ ಹಲ್ಲು ಸವೆಯಬೇಕಾದರೆ ಹುಲ್ಲು ಹಗಲೂ ರಾತ್ರಿ ಮುಂದಿರಬೇಕು. ನಮ್ಮ ಕಡೆ ಸಿಗುವ ಭತ್ತದ ಹುಲ್ಲಿನಲ್ಲಿ ಸತ್ವ ಸಾಲದು. ಟಿಮೋಥಿ ಎಂಬ ಜಾತಿಯ ಒಣಹುಲ್ಲು ತರಿಸುತ್ತೇನೆ, ಜೊತೆಗೆ ಹಬ್ಬದ ದಿನಗಳಲ್ಲದೆಯೂ ಹೂವಿನವರ ಹತ್ತಿರ ಗರಿಕೆ ಹೇಳಿಟ್ಟಿರುತ್ತೇನೆ. ಚೆನ್ನಾಗಿ ತೊಳೆದು ಕೊಟ್ಟರೆ ಅದರ ಸದ್ದಿಗೇ ಎರಡೂ ಕೀಂ ಕೀಂ ಎಂದು ಕೂಗಿ ಜಾಲರಿಗೆ ಮುಗಿಬೀಳುತ್ತವೆ.

ಅವಿತುಕೊಳ್ಳುವ ಗೂಡು ಮೊದಲು ಒಂದೇ ಇತ್ತು, ಅದಕ್ಕೆ ಒಂದೇ ಬಾಗಿಲು. ಬೆಲ್ಲ ಗಟ್ಟಿಗಿತ್ತಿ, ಎಳ್ಳನ್ನು ಒಳಗೆ ಅಟ್ಟಿ ಬಾಗಿಲಲ್ಲೇ ಕೂತುಬಿಡುತ್ತಿತ್ತು. ಒಂದು ದಿನ ಎಳ್ಳಿನ ಕಿವಿಯಂಚು ಹರಿದಿತ್ತು. ಈಗ ಗೂಡುಗಳು ಮೂರು, ಎಲ್ಲಕ್ಕೂ ಎರಡೆರಡು ಬಾಗಿಲು. ಎರಡು ರಟ್ಟಿನವು, ಇನ್ನೊಂದು ಬುಡ ಒಡೆದ ದೊಡ್ಡ ಮಣ್ಣಿನ ಕುಂಡ. ಒಡೆದ ಅಂಚನ್ನು ಕಲ್ಲಿಗೆ ಉಜ್ಜಿ ನುಣುಪಾಗಿಸಿ ಅಡ್ಡ ಮಲಗಿಸಿದ್ದೇನೆ, ಬೇಸಿಗೆಯಲ್ಲಿ ಅದರೊಳಗೆ ತಂಪು. ನೀರಿನ ಬಾಟಲಿಯೂ ಎರಡು, ಎರಡು ತುದಿಯಲ್ಲಿ.

ಎಳ್ಳಿನ ಪಾದ ಪೂರ್ತಿ ಮಾಯಲು ಐದು ವಾರ ಹಿಡಿಯಿತು. ಈಗಲೂ ಪ್ರತಿ ಭಾನುವಾರ ಎರಡನ್ನೂ ಅಂಗಾತ ಹಿಡಿದು ಎಂಟೂ ಅಂಗಾಲು ನೋಡುತ್ತೇನೆ. ಕಳೆದ ವಾರ ಮಗಳು ಚಾಕ್ ತಗೊಂಡು, ಮಂಚದ ಕೆಳಗಿನವರೆಗೆ ಇನ್ನೆರಡು ಚೌಕದಷ್ಟು ಉದ್ದಕ್ಕೆ ಗೆರೆ ಎಳೆದಿಟ್ಟಿದ್ದಾಳೆ. ಅಳೆದೆ, ಕುರ್ಚಿ ಸರಿಯಲು ಜಾಗ ಉಳಿಯುತ್ತದೆ. ಫ್ಲೆಕ್ಸ್ ಅಂಗಡಿಯವರಿಗೆ ಇನ್ನೊಂದು ಶೀಟ್ ಹೇಳಿದ್ದೇನೆ, ನಾಳೆ ಸಂಜೆ ಬರಲು ಹೇಳಿದ್ದಾರೆ.