80 ವ್ಯಾಟ್‌ನಲ್ಲಿ ಹಗಲಿರುಳು ಫೋಲ್ಡಿಂಗ್: ಗದಗಿನಿಂದ ನನ್ನ ಅನುಭವ

ಫೋಲ್ಡಿಂಗ್ ಅಟ್ ಹೋಮ್ ಎಂದರೆ ಪ್ರೋಟೀನುಗಳ ಸಂಶೋಧನೆಯ ಲೆಕ್ಕವನ್ನು ಮನೆಮನೆಯ ಕಂಪ್ಯೂಟರುಗಳಿಗೆ ಹಂಚಿ, ಮಾಡಿದ ಕೆಲಸಕ್ಕೆ ಪಾಯಿಂಟ್ ಕೊಡುವ ಪ್ರಾಜೆಕ್ಟ್. ಜಿಟಿಎಕ್ಸ್ 1660 ಸೂಪರ್ ಎಂಬ ಗ್ರಾಫಿಕ್ಸ್ ಕಾರ್ಡನ್ನು ಅದರ ನಿಗದಿತ 125 ವ್ಯಾಟ್‌ನ ಬದಲು 80ರ ಆಸುಪಾಸಿನಲ್ಲಿ ಓಡಿಸಿಯೂ ಫೋಲ್ಡಿಂಗ್ ಅಟ್ ಹೋಮ್‌ನಲ್ಲಿ ದಿನಕ್ಕೆ ಹತ್ತು ಲಕ್ಷದ ಹತ್ತಿರ ಪಾಯಿಂಟ್ ತೆಗೆಯಬಹುದು ಎಂದು ನಾನು ಹೇಳಿದಾಗ ಹುಬ್ಬಳ್ಳಿಯ ಗೆಳೆಯರು ಯಾರೂ ನಂಬಲಿಲ್ಲ. "ಹೊಟ್ಟಿಗಿ ಹಾಕಲಾರದ ಎತ್ತು ಹೆಂಗ ದುಡಿತೈತ್ರಿ?" ಎಂದು ಅವರಲ್ಲೊಬ್ಬರು ನಕ್ಕರು. ಈಗ ಒಂದು ವರ್ಷಕ್ಕೂ ಮೀರಿ ಆ ಕಾರ್ಡು ನಮ್ಮ ಮನೆಯಲ್ಲಿ ಎಡೆಬಿಡದೆ ದುಡಿಯುತ್ತಿದೆ, ಮತ್ತು ನಕ್ಕವರೇ ಫೋನ್ ಮಾಡಿ ನನ್ನ ಅಂಕಿಗಳನ್ನು ಬರೆದುಕೊಂಡಿದ್ದಾರೆ.

ಕಾರ್ಡು ಹೊಸದಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ತನ್ನ ಪದ್ಧತಿಯನ್ನು ಬದಲಿಸಿ, ಕಾರ್ಡುಗಳಿಂದ ಅದನ್ನು ಗಳಿಸುವ ಮೈನಿಂಗ್ ಕೆಲಸವೇ ನಿಂತುಹೋದಾಗ, ಮೈನಿಂಗ್ ಮಾಡುತ್ತಿದ್ದವರು ಕೈಗೆ ಬಂದ ಬೆಲೆಗೆ ಕಾರ್ಡುಗಳನ್ನು ಮಾರತೊಡಗಿದರು. ಆಗ ಹುಬ್ಬಳ್ಳಿಯಲ್ಲಿ ಹನ್ನೊಂದು ಸಾವಿರದ ಸುಮಾರಿಗೆ ಇದನ್ನು ತಂದೆ. ಒಂದು ಫ್ಯಾನಿನ ಬೇರಿಂಗ್ ಹೋಗಿತ್ತು. ಫ್ಯಾನ್, ಥರ್ಮಲ್ ಪ್ಯಾಡ್, ಪೇಸ್ಟ್ ಸೇರಿ ಇನ್ನೊಂದು ಸಾವಿರ ಖರ್ಚಾಯಿತು. ಮೈನಿಂಗ್ ಕಾರ್ಡೆಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಮೈನಿಂಗ್ ಬಲ್ಲವರು ಕಾರ್ಡನ್ನು ಕಡಿಮೆ ವಿದ್ಯುತ್ತಿನಲ್ಲಿಯೇ ಓಡಿಸುತ್ತಾರೆ, ಆದ್ದರಿಂದ ಗೇಮ್ ಆಡಿ ಕಾಯಿಸಿದ ಕಾರ್ಡಿಗಿಂತ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ.

ನನ್ನನ್ನು ಈ ದಾರಿಗೆ ಹಚ್ಚಿದ್ದು ಕರೆಂಟ್ ಬಿಲ್ಲು. ಕಾರ್ಡನ್ನು ಅದರ ಪಾಡಿಗೆ ಬಿಟ್ಟಾಗ ಗೋಡೆಯ ಪ್ಲಗ್ಗಿಗೆ ಹಾಕಿದ ಮೀಟರ್ ಇಡೀ ಕಂಪ್ಯೂಟರಿಗೆ 195 ವ್ಯಾಟ್‌ನ ಹತ್ತಿರ ತೋರಿಸುತ್ತಿತ್ತು. ಅಂದರೆ ತಿಂಗಳಿಗೆ 140 ಯೂನಿಟ್. ಮನೆಯ ಬಳಕೆ 80ರ ಸುಮಾರು, ಎರಡೂ ಸೇರಿ 220. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ದಾಟಿದವರು ಪೂರ್ತಿ ಬಿಲ್ ಕಟ್ಟಬೇಕಾದುದರಿಂದ, ಈ ಇಪ್ಪತ್ತು ಯೂನಿಟ್‌ನ ಸಲುವಾಗಿ ನನಗೆ ತಿಂಗಳಿಗೆ ಹದಿನೆಂಟು ನೂರರ ಮೇಲೆ ಬೀಳುತ್ತಿತ್ತು. 80 ವ್ಯಾಟ್‌ಗೆ ಇಳಿಸಿದ ನಂತರ ಗೋಡೆಯ ಲೆಕ್ಕ 135ಕ್ಕೆ, ತಿಂಗಳ ಮೊತ್ತ 180ರ ಒಳಗೆ ಬಂದಿತು. ನಮ್ಮ ಮನೆಗೆ ನಿಗದಿಯಾದ ಮಿತಿಯನ್ನು ಮೀರಿದ ಯೂನಿಟ್‌ಗಳಿಗಷ್ಟೇ ಇನ್ನೂರು ರೂಪಾಯಿಯ ಆಸುಪಾಸು ಕಟ್ಟುತ್ತಿದ್ದೇನೆ.

ಮೊದಲು ಎಲ್ಲರೂ ಮಾಡುವಂತೆ ಎನ್‌ವಿಡಿಯಾ ಕಾರ್ಡುಗಳನ್ನು ಹಿಡಿತದಲ್ಲಿಡುವ ಎನ್‌ವಿಡಿಯಾ-ಎಸ್‌ಎಂಐ ಎಂಬ ಕಮಾಂಡಿನಲ್ಲಿ ವಿದ್ಯುತ್ತಿನ ಮಿತಿಯಾದ ಪವರ್ ಲಿಮಿಟ್ ಒಂದನ್ನೇ ಇಳಿಸಿ ನೋಡಿದೆ. ಅದು ಅರ್ಧ ಕೆಲಸ ಮಾತ್ರ. ಪರಮಾಣುಗಳು ಹೆಚ್ಚಿರುವ ದೊಡ್ಡ ವರ್ಕ್ ಯೂನಿಟ್ (ಪ್ರಾಜೆಕ್ಟ್ ಒಮ್ಮೆಗೆ ಕೊಡುವ ಲೆಕ್ಕದ ತುಂಡು) ಬಂದರೆ ಕಾರ್ಡು ಮಿತಿಗೆ ತಾಗಿ ಅದರ ಕ್ಲಾಕ್, ಅಂದರೆ ಓಡುವ ವೇಗ, ಏರಿಳಿಯುತ್ತಿತ್ತು. ಸಣ್ಣದು ಬಂದರೆ ಮಿತಿಯನ್ನು ಮುಟ್ಟದೆಯೇ 1900 ಮೆಗಾಹರ್ಟ್ಸ್‌ನಲ್ಲಿ ಹೆಚ್ಚಿನ ವೋಲ್ಟೇಜ್ ತಿನ್ನುತ್ತ ಕೂರುತ್ತಿತ್ತು. ಪವರ್ ಲಿಮಿಟ್ಟನ್ನು ಕಾವಲಿಗೆ ಮಾತ್ರ ಇಟ್ಟು, ಅದೇ ಕಮಾಂಡಿನ ಎಲ್‌ಜಿಸಿ (ಲಾಕ್ ಜಿಪಿಯು ಕ್ಲಾಕ್ಸ್) ಆಯ್ಕೆಯಿಂದ ಕ್ಲಾಕನ್ನು 1650ರ ಬಳಿ ಕಟ್ಟಿಹಾಕಿದಾಗ ಎರಡೂ ಸರಿಹೋದವು. ನಾನು ಬಳಸುವ ಲಿನಕ್ಸ್‌ನಲ್ಲಿ ಈ ಕಾರ್ಡಿನ ವೋಲ್ಟೇಜನ್ನು ನೇರವಾಗಿ ಇಳಿಸಲು ದಾರಿಯಿಲ್ಲ. ಆದರೆ ಕ್ಲಾಕನ್ನು ಕಟ್ಟಿಹಾಕಿ ಅದರ ಮೇಲೆ ಪ್ಲಸ್ ಆಫ್‌ಸೆಟ್ (ಪ್ರತಿ ವೋಲ್ಟೇಜಿಗೆ ನಿಗದಿಯಾದ ಕ್ಲಾಕನ್ನು ತುಸು ಏರಿಸುವುದು) ಕೊಟ್ಟರೆ ಅದೇ ಕ್ಲಾಕಿಗೆ ಕಡಿಮೆ ವೋಲ್ಟೇಜ್ ಸಾಕಾಗುತ್ತದೆ. ನನ್ನ ಆಫ್‌ಸೆಟ್ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅದು ಕಾರ್ಡಿನಿಂದ ಕಾರ್ಡಿಗೆ ಬೇರೆ, ಮತ್ತು ಅದನ್ನು ಹುಡುಕಲು ನಾನು ಕಳೆದುಕೊಂಡ ವರ್ಕ್ ಯೂನಿಟ್‌ಗಳನ್ನು ಯಾರೂ ತಿರುಗಿ ಕೊಡುವುದಿಲ್ಲ. ಹದಿನೈದು ಮೆಗಾಹರ್ಟ್ಸ್‌ನ ಹೆಜ್ಜೆಯಲ್ಲಿ ಏರಿಸಿ, ಲಾಗ್‌ನಲ್ಲಿ ಲೆಕ್ಕ ಕೆಟ್ಟಿತೆಂಬ 'ಬ್ಯಾಡ್ ವರ್ಕ್ ಯೂನಿಟ್' ಕಂಡೊಡನೆ ಎರಡು ಹೆಜ್ಜೆ ಹಿಂದೆ ಬಂದು ನಿಲ್ಲಿಸಿರಿ.

ಗೆಳೆಯರ ಮುಖ್ಯ ಆಕ್ಷೇಪ ಬೋನಸ್ಸಿನದಾಗಿತ್ತು. ಬೇಗ ಒಪ್ಪಿಸಿದವರಿಗೆ ಸಿಗುವ ಬೋನಸ್ ವರ್ಗಮೂಲದ ಲೆಕ್ಕದಲ್ಲಿ ಬರುವುದರಿಂದ, ವೇಗ ನೂರಕ್ಕೆ ಹದಿಮೂರು ಇಳಿದರೆ ಪಾಯಿಂಟು ಹತ್ತೊಂಬತ್ತರಷ್ಟು ಇಳಿಯುತ್ತದೆ ಎಂಬ ಅವರ ಮಾತು ಸತ್ಯವೇ. ನನ್ನ ಹನ್ನೆರಡು ಲಕ್ಷ ಹತ್ತು ಲಕ್ಷದ ಕೆಳಗೆ ಬಂದಿತು. ಆದರೆ ಕರೆಂಟಿನ ಯೂನಿಟ್ ಒಂದಕ್ಕೆ ಬರುವ ಪಾಯಿಂಟನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಅದು ಸುಮಾರು ಎರಡು ಲಕ್ಷ ಅರವತ್ತು ಸಾವಿರದಿಂದ ಮೂರು ಲಕ್ಷದ ಮೇಲಕ್ಕೆ ಏರಿತು.

ಅತಿ ಹೆಚ್ಚು ಕಾಡಿದ್ದು ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್. ಲಿನಕ್ಸ್‌ನ ತಿರುಳಾದ ಕರ್ನಲ್ ತಾನಾಗಿ ಅಪ್‌ಡೇಟ್ ಆಗಿ, ಹೊಸದಕ್ಕೆ ಬೇಕಾದ ಹೆಡರ್ ಫೈಲುಗಳಿಲ್ಲದೆ ಎನ್‌ವಿಡಿಯಾ ಡ್ರೈವರಿನ ಮಾಡ್ಯೂಲ್ ಕಟ್ಟಲ್ಪಡದೆ, ಮರುದಿನ ಬೆಳಿಗ್ಗೆ ಫೋಲ್ಡಿಂಗ್ ನಡೆಸುವ ಕ್ಲೈಂಟ್ ಪ್ರೋಗ್ರಾಂ ಕಾರ್ಡೇ ಇಲ್ಲವೆಂದು ಸುಮ್ಮನೆ ಕುಳಿತಿರುತ್ತಿತ್ತು. ಈಗ ಕರ್ನಲ್ ಮತ್ತು ಡ್ರೈವರ್ ಎರಡನ್ನೂ ಹೋಲ್ಡ್‌ನಲ್ಲಿಟ್ಟು, ನನಗೆ ಬಿಡುವಿದ್ದ ದಿನವೇ ಎರಡನ್ನೂ ಒಟ್ಟಿಗೆ ಏರಿಸುತ್ತೇನೆ. ಮಾನಿಟರ್ ಇಲ್ಲದ ಯಂತ್ರವಾದ್ದರಿಂದ ಡ್ರೈವರನ್ನು ಹಿಡಿದಿಡುವ ಪರ್ಸಿಸ್ಟೆನ್ಸ್ ಆಯ್ಕೆಯನ್ನು ಹಾಕದಿದ್ದರೆ ಕ್ಲೈಂಟ್ ನಿಂತ ಕೂಡಲೆ ಡ್ರೈವರ್ ಇಳಿದು ಎಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತಿದ್ದವು. ಕರೆಂಟ್ ಹೋಗಿ ಬಂದಾಗಲೂ ಅದೇ ಕಥೆ. ಬಯೋಸ್‌ನಲ್ಲಿ ಕರೆಂಟ್ ಬಂದೊಡನೆ ತಾನೇ ಚಾಲೂ ಆಗುವ ಆಯ್ಕೆಯನ್ನು ಹಾಕಿ, ಕ್ಲಾಕು, ಲಿಮಿಟ್ಟು, ಆಫ್‌ಸೆಟ್ಟು ಮೂರನ್ನೂ ಕ್ಲೈಂಟ್‌ಗಿಂತ ಮುಂಚೆ ಕೂರಿಸುವ, ಯಂತ್ರ ಶುರುವಾದಾಗ ತಾನೇ ಓಡುವ ಸಿಸ್ಟಂಡಿ ಸರ್ವಿಸ್ ಒಂದನ್ನು ಬರೆದ ಮೇಲೆ ಮನೆಯವರು ನನಗೆ ಫೋನ್ ಮಾಡುವುದು ನಿಂತಿತು.

ನಡುವೆ ಹೆಚ್ಚು ಅಂಕಿಗಳ ನಿಖರತೆಯ ಲೆಕ್ಕವಾದ ಡಬಲ್ ಪ್ರಿಸಿಷನ್ ಹುಚ್ಚು ಹಿಡಿದು, ಆ ಲೆಕ್ಕದಲ್ಲಿ ಇಂದಿನ ಸಾಮಾನ್ಯ ಕಾರ್ಡುಗಳನ್ನೂ ಹಿಂದೆ ಹಾಕುವ ಎಎಂಡಿಯ ಹಳೆಯ ಆರ್9 280ಎಕ್ಸ್ ಒಂದನ್ನು ಮೂರು ಸಾವಿರ ಕೊಟ್ಟು ತಂದು, ನಮ್ಮ ಆಕಾಶಗಂಗೆಯ ಅಧ್ಯಯನಕ್ಕಿರುವ ಇಂಥದ್ದೇ ಪ್ರಾಜೆಕ್ಟ್ ಆದ ಮಿಲ್ಕಿವೇ ಅಟ್ ಹೋಮ್‌ಗೆ ಹಚ್ಚಿದೆ. ಎಎಂಡಿ ಕಾರ್ಡುಗಳ ಅಮ್‌ಡಿಜಿಪಿಯು ಡ್ರೈವರ್ ಆ ತಲೆಮಾರನ್ನು ಹಿಡಿಯಬೇಕಾದರೆ ಲಿನಕ್ಸ್ ಶುರುವಾಗುವಾಗಿನ ಬೂಟ್ ಸಾಲಿನಲ್ಲಿ ಎಸ್‌ಐ ಸಪೋರ್ಟ್ ಎಂಬ ಆಯ್ಕೆಯನ್ನು ಹಾಕಬೇಕಾಗಿತ್ತು, ಅದು ಗೊತ್ತಾಗುವ ಹೊತ್ತಿಗೆ ವಾರ ಕಳೆದಿತ್ತು. ಲೆಕ್ಕದಲ್ಲಿ ಕಾರ್ಡು ಹುಲಿ, 200 ವ್ಯಾಟ್ ಮೇಲೆ ತಿನ್ನುವುದರಲ್ಲಿಯೂ ಹುಲಿಯೇ. 2023ರಲ್ಲಿ ಆ ಪ್ರಾಜೆಕ್ಟ್ ಕಾರ್ಡಿನ ಕೆಲಸವನ್ನೇ ನಿಲ್ಲಿಸಿದ್ದರಿಂದ ಅದೀಗ ಅಟ್ಟದ ಮೇಲಿದೆ. ಐನ್‌ಸ್ಟೈನ್ ಅಟ್ ಹೋಮ್ ಎಂಬ ಇನ್ನೊಂದು ಪ್ರಾಜೆಕ್ಟಿನ, ಗುರುತ್ವ ಅಲೆಗಳನ್ನು ಹುಡುಕುವ ಟಾಸ್ಕ್‌ಗಳು ಮಾತ್ರ ಲಾಭ ಕೊಟ್ಟವು: ಅವುಗಳ ಕೊನೆಯ ಭಾಗ ಸಿಪಿಯುವಿನಲ್ಲಿ ನಡೆಯುವಾಗ ಕಾರ್ಡು ಖಾಲಿ ಕೂರುವುದರಿಂದ, ಆ್ಯಪ್ ಕಾನ್ಫಿಗ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ 0.5 (ಒಂದು ಟಾಸ್ಕ್‌ಗೆ ಅರ್ಧ ಕಾರ್ಡು) ಎಂದು ಕೊಟ್ಟು ಎರಡನ್ನು ಹಿಂದುಮುಂದಾಗಿ ಓಡಿಸಬೇಕು. ಎರಡೂ ಒಂದೇ ಕ್ಷಣಕ್ಕೆ ಶುರುವಾದರೆ ಪ್ರಯೋಜನವಿಲ್ಲ. ಅವುಗಳನ್ನು ಬೇರ್ಪಡಿಸಿ ಇಡುವ ನನ್ನ ಸಣ್ಣ ಸ್ಕ್ರಿಪ್ಟ್ ಸದ್ಯಕ್ಕೆ ನನ್ನಲ್ಲಿಯೇ ಇರಲಿ.

ಯಾವುದನ್ನು ಓಡಿಸಿದರೂ ಕಾರ್ಡಿಗೊಂದು ಸಿಪಿಯು ಕೋರನ್ನು ಪೂರ್ತಿ ಬಿಡಬೇಕು. ಎಲ್ಲ ಕೋರುಗಳನ್ನೂ ಸಿಪಿಯುವಿನಲ್ಲಿ ಓಡುವ ರೊಸೆಟ್ಟಾ ಎಂಬ ಪ್ರಾಜೆಕ್ಟಿಗೆ ಕೊಟ್ಟಾಗ ಕಾರ್ಡಿನ ಬಳಕೆ ನೂರಕ್ಕೆ ಎಪ್ಪತ್ತಕ್ಕೆ ಬಿದ್ದಿತ್ತು.

ಬೇಸಿಗೆಯಲ್ಲಿ ಕೋಣೆಯೇ 37 ಡಿಗ್ರಿ ಇರುವಾಗ ಹಿಂದೆ 82ಕ್ಕೆ ಏರುತ್ತಿದ್ದ ಕಾರ್ಡು ಈಗ 68ರಲ್ಲಿ ನಿಲ್ಲುತ್ತದೆ, ಫ್ಯಾನು ಅರ್ಧ ವೇಗವನ್ನೂ ಮುಟ್ಟುವುದಿಲ್ಲ. ಫ್ಯಾನು ನಿಧಾನವಾದಷ್ಟೂ ಒಳಗೆ ಸೇರುವ ಎರೆಮಣ್ಣಿನ ಧೂಳು ಕಡಿಮೆ. ತಿಂಗಳಿಗೊಮ್ಮೆ ಬಿಚ್ಚುತ್ತಿದ್ದ ಕೇಸನ್ನು ಈಗ ಮೂರು ತಿಂಗಳಿಗೊಮ್ಮೆ ಬಿಚ್ಚಿ ಬ್ಲೋವರ್ ಹಿಡಿದರೆ ಸಾಕು. ಹುಬ್ಬಳ್ಳಿಯ ಗೆಳೆಯರೊಬ್ಬರು ಇದೇ ಕ್ರಮವನ್ನು ತಮ್ಮ 3060ಕ್ಕೆ ಹಚ್ಚಿದ್ದಾರೆ, 170ರ ಕಾರ್ಡು 115ರಲ್ಲಿ ನಿಂತಿದೆಯಂತೆ. ಅದನ್ನು ನೂರಕ್ಕಿಳಿಸಲು ಮುಂದಿನ ಭಾನುವಾರ ನಾನೇ ಹೋಗುವವನಿದ್ದೇನೆ.