ಬಿಎನ್‌ಜಿ ರೂಟರ್‌ನಲ್ಲಿ ಎಎನ್‌ಸಿಪಿ ಹಾಕಿದ ನನ್ನ ಅನುಭವ

ಡಿಎಸ್‌ಎಲ್ (ತಾಮ್ರದ ಫೋನ್ ತಂತಿಯ ಇಂಟರ್ನೆಟ್) ಗ್ರಾಹಕರನ್ನು ಹೊತ್ತ ಬಿಎನ್‌ಜಿ (ಗ್ರಾಹಕರ ಸೆಷನ್‌ಗಳೆಲ್ಲ ಬಂದು ಸೇರುವ ರೂಟರ್) ನೋಡಿಕೊಳ್ಳುವವರು ಎಎನ್‌ಸಿಪಿ (ಡಿಎಸ್‌ಲ್ಯಾಮ್ ಮತ್ತು ರೂಟರ್ ಮಾತಾಡಿಕೊಳ್ಳುವ ಪ್ರೋಟೋಕಾಲ್) ಹಾಕಲೇಬೇಕು ಅಂತ ನನ್ನ ಅಭಿಪ್ರಾಯ. ತಾಮ್ರದ ಲೈನ್ ಈಗ ಎಷ್ಟು ವೇಗಕ್ಕೆ ಸಿಂಕ್ ಆಗಿದೆ ಅನ್ನೋದು ಡಿಎಸ್‌ಲ್ಯಾಮ್‌ಗೆ (ಗ್ರಾಹಕರ ತಾಮ್ರದ ಲೈನ್‌ಗಳು ಬಂದು ಸೇರುವ ಪೆಟ್ಟಿಗೆಗೆ) ಗೊತ್ತು, ರೂಟರ್‌ಗೆ ಗೊತ್ತಿಲ್ಲ. ಹಾಗಾಗಿ ರೂಟರ್ ಪ್ಲಾನಿನ ವೇಗಕ್ಕೇ ಕಳಿಸುತ್ತಾ ಹೋಗುತ್ತದೆ, ಲೈನ್‌ಗೆ ಅಷ್ಟು ವೇಗ ತಾಳಲಾಗದಿದ್ದರೆ ಪ್ಯಾಕೆಟ್‌ಗಳು ಡಿಎಸ್‌ಲ್ಯಾಮ್‌ನಲ್ಲಿ ಡ್ರಾಪ್ ಆಗುತ್ತವೆ, ರೂಟರ್‌ನಲ್ಲಿ ಕಷ್ಟಪಟ್ಟು ಬರೆದ ಕ್ಯೂಒಎಸ್ ಪಾಲಿಸಿ (ಯಾವ ಟ್ರಾಫಿಕ್‌ಗೆ ಆದ್ಯತೆ ಅನ್ನೋ ನಿಯಮ) ಸುಮ್ನೆ ಕೂತಿರುತ್ತದೆ. ಈ ವೇಗವನ್ನು ರೂಟರ್‌ಗೆ ತಿಳಿಸೋದೇ ಎಎನ್‌ಸಿಪಿಯ ಮುಖ್ಯ ಕೆಲಸ. ಅದರ ಮಾನದಂಡದ ದಾಖಲೆಯಾದ 2011ರ ಆರ್‌ಎಫ್‌ಸಿ 6320ರಲ್ಲಿ ಎಲ್ಲ ಇದೆ.

ಶುರು ಮಾಡೋದು ಕಷ್ಟವೇನಲ್ಲ. ಟಿಸಿಪಿ ಕನೆಕ್ಷನ್ ತೆರೆಯೋದು ಡಿಎಸ್‌ಲ್ಯಾಮ್, ರೂಟರ್ ಪೋರ್ಟ್ 6068ರಲ್ಲಿ ಕಾಯುತ್ತಿರುತ್ತದೆ. ಈ ಕನೆಕ್ಷನ್‌ಗೇ ಅಂತ ಬೇರೆ ವಿಲ್ಯಾನ್ (ಪ್ರತ್ಯೇಕ ವರ್ಚುವಲ್ ನೆಟ್‌ವರ್ಕ್) ಕೊಟ್ಟೆ, ಡಿಎಸ್‌ಲ್ಯಾಮ್ ಐಪಿಗಳಿಗೆ ಮಾತ್ರ ಆ ಪೋರ್ಟ್ ಬಿಡುವಂತೆ ಎಸಿಎಲ್ (ಅನುಮತಿ ಪಟ್ಟಿ) ಬರೆದೆ. ಸೆಂಡರ್ ನೇಮ್ ಮತ್ತು ನೇಬರ್ ವಿವರ ಹಾಕಿದ ಮೇಲೆ ಅಡ್ಜೆಸೆನ್ಸಿ (ಎರಡರ ನಡುವಿನ ಎಎನ್‌ಸಿಪಿ ಸಂಪರ್ಕ) ಮೇಲೆ ಬಂತು. ಹಳೇ ಡಿಎಸ್‌ಲ್ಯಾಮ್ ಇದ್ದರೆ ಮೆಸೇಜ್‌ನ ಎಎನ್‌ಸಿಪಿ ವರ್ಷನ್ ಅಂಕಿ ಒಮ್ಮೆ ನೋಡಿ: ಆರ್‌ಎಫ್‌ಸಿ ಪ್ರಕಾರ ಅದು 50, ಅದಕ್ಕೂ ಮುಂಚಿನ ಡ್ರಾಫ್ಟ್ ಕಾಲದ ಪೆಟ್ಟಿಗೆಗಳು 49 ಕಳಿಸುತ್ತವೆ.

ನಿಜವಾದ ಕೆಲಸ ಇರೋದು ಸರ್ಕ್ಯೂಟ್ ಐಡಿಯಲ್ಲಿ, ಅಂದರೆ ಗ್ರಾಹಕರ ಲೈನ್ ಗುರುತಿಸುವ ಸ್ಟ್ರಿಂಗ್‌ನಲ್ಲಿ. ಪೋರ್ಟ್ ಅಪ್ ಮೆಸೇಜ್‌ನಲ್ಲಿ ಬರೋ ಐಡಿ, ಅದೇ ಗ್ರಾಹಕರು ಸೆಷನ್ ಶುರು ಮಾಡುವಾಗ ಡಿಎಚ್‌ಸಿಪಿ ಆಪ್ಷನ್ 82ರಲ್ಲೋ ಪಿಪಿಪಿಒಇ ಟ್ಯಾಗ್‌ನಲ್ಲೋ ಬರೋ ಐಡಿ, ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಡಿಎಸ್‌ಎಲ್ ಜಾಲಗಳ ಟಿಆರ್-101 ದಾಖಲೆ ಹೇಳೋ ಮಾದರಿಯಲ್ಲಿ ಮೊದಲು ಡಿಎಸ್‌ಲ್ಯಾಮ್ ಹೆಸರು, ಒಂದು ಸ್ಪೇಸ್, ಆಮೇಲೆ ಲೈನ್ ಬಗೆ, ಸ್ಲಾಟ್, ಪೋರ್ಟ್, ಈಥರ್ನೆಟ್ ಬಗೆಯ ಲೈನ್ ಆದರೆ ಕೊನೆಗೆ ಕೋಲನ್ ಹಾಕಿ ವಿಲ್ಯಾನ್ ಬರುತ್ತದೆ. ಒಂದು ಕಡೆ ವಿಲ್ಯಾನ್ ಸೇರಿ ಇನ್ನೊಂದು ಕಡೆ ಬಿಟ್ಟುಹೋದರೂ ಸಾಕು, ನೇಬರ್ ಅಪ್ ಅಂತ ತೋರಿಸುತ್ತದೆ, ಪೋರ್ಟ್‌ಗಳೂ ಕಾಣುತ್ತವೆ, ಆದರೆ ಒಂದೇ ಒಂದು ಸೆಷನ್‌ಗೂ ಹೊಸ ವೇಗ ಅಂಟಲ್ಲ. ಎರಡೂ ಸ್ಟ್ರಿಂಗ್‌ಗಳನ್ನು ಪ್ಯಾಕೆಟ್ ಕ್ಯಾಪ್ಚರ್‌ನಿಂದ ತೆಗೆದು ಒಂದರ ಕೆಳಗೆ ಒಂದಿಟ್ಟು ನೋಡೋದೇ ನನ್ನ ಪದ್ಧತಿ.

ಆಮೇಲೆ ರೇಟ್ ಅಡ್ಜಸ್ಟ್‌ಮೆಂಟ್, ಅಂದರೆ ಡಿಎಸ್‌ಲ್ಯಾಮ್ ಹೇಳಿದ ವೇಗದಲ್ಲಿ ಎಷ್ಟು ಶೇಕಡಾವನ್ನು ರೂಟರ್ ಬಳಸಬೇಕು ಅನ್ನೋದು. ಎಟಿಎಂ (ಡೇಟಾವನ್ನು ಸಣ್ಣ ಸೆಲ್‌ಗಳಾಗಿ ಒಡೆದು ಕಳಿಸುವ ವಿಧಾನ) ಮೇಲೆ ಓಡೋ ಎಡಿಎಸ್‌ಎಲ್ ಲೈನ್ 20,000 ಕೆಬಿಪಿಎಸ್ ಅಂದರೆ ಅಷ್ಟೂ ನಮಗಲ್ಲ. ಪ್ರತಿ 53 ಬೈಟ್ ಸೆಲ್‌ನಲ್ಲಿ 48 ಮಾತ್ರ ಪೇಲೋಡ್, ಸುಮಾರು 18,100 ಆಯ್ತು, ಪ್ಯಾಡಿಂಗ್ ಸೇರಿದರೆ ಇನ್ನೂ ಕಮ್ಮಿ. ವಿಡಿಎಸ್‌ಎಲ್2 ಲೈನ್ ಸಾಮಾನ್ಯವಾಗಿ ಪಿಟಿಎಂ (ಸೆಲ್ ಮಾಡದೆ ಪ್ಯಾಕೆಟ್ ಕಳಿಸುವ ವಿಧಾನ) ಮೇಲೆ ಓಡುವುದರಿಂದ ಅಲ್ಲಿ ಇಷ್ಟು ಸೋರಲ್ಲ. ಅದಕ್ಕೇ ಲೈನ್ ಬಗೆಗೆ ತಕ್ಕ ಹಾಗೆ ಬೇರೆ ಬೇರೆ ಶೇಕಡಾ ಕೊಟ್ಟೆ, ಎಲ್ಲಕ್ಕೂ ಒಂದೇ ಅಂಕಿ ಹಾಕೋದು ನನಗೆ ಒಪ್ಪಿಗೆ ಇಲ್ಲ.

ಅಡ್ಜೆಸೆನ್ಸಿ ಮೆಸೇಜ್‌ನ ಟೈಮರ್ ಫೀಲ್ಡ್ 100 ಮಿಲಿಸೆಕೆಂಡ್ ಲೆಕ್ಕದ್ದು, 250 ಅಂದರೆ 25 ಸೆಕೆಂಡ್. ಅದರ ಮೂರು ಪಟ್ಟು ಸಮಯ ಆ ಕಡೆಯಿಂದ ಏನೂ ಬರದಿದ್ದರೆ ಅಡ್ಜೆಸೆನ್ಸಿ ಬೀಳುತ್ತದೆ. ಬಿದ್ದಾಗ ಹಳೇ ವೇಗ ಉಳಿಸಿಕೊಳ್ಳೋದಾ, ಪ್ಲಾನಿನ ವೇಗಕ್ಕೆ ಮರಳೋದಾ ಅಂತ ಮೊದಲೇ ತೀರ್ಮಾನಿಸಿ. ಡಿಎಸ್‌ಲ್ಯಾಮ್ ರೀಬೂಟ್ ಆಗೋದಕ್ಕಿಂತ ಮ್ಯಾನೇಜ್‌ಮೆಂಟ್ ಲಿಂಕ್ ಕೈಕೊಡೋದೇ ಜಾಸ್ತಿ ಅಲ್ವಾ, ಹಾಗಾಗಿ ನಾನು ಉಳಿಸಿಕೊಳ್ಳೋದನ್ನೇ ಆರಿಸಿದೆ.

ಕೊನೆಗೆ ಒಂದು ಟೆಸ್ಟ್ ಪೋರ್ಟ್‌ನ ಪ್ರೊಫೈಲ್ ಇಳಿಸಿ, ಲೈನ್ ಮತ್ತೆ ಸಿಂಕ್ ಆದ ಮೇಲೆ ಆ ಸೆಷನ್‌ನ ಶೇಪರ್ (ರೂಟರ್‌ನ ವೇಗ ಮಿತಿ) ಅಂಕಿಯೂ ಇಳಿದದ್ದನ್ನು ಕಣ್ಣಾರೆ ನೋಡಿದ ಮೇಲೇ ಉಳಿದ ಡಿಎಸ್‌ಲ್ಯಾಮ್‌ಗಳನ್ನು ಒಂದೊಂದಾಗಿ ಸೇರಿಸಿದೆ.