ಹೊಸ ಲೀಫ್ ಸ್ಪ್ರಿಂಗ್ ಹಾಕಿದ ಮೇಲೆ ಹಳೆಯ ಕಾರಿನ ಹಿಂಭಾಗ ಎದ್ದು ನಿಂತಿದೆಯೇ?

ಹಳೆಯ ಕಾರಿಗೆ ಹೊಸ ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಹಾಕಿದವರು ಎರಡೇ ದಿನಕ್ಕೆ ಫೋನ್ ಮಾಡುತ್ತಾರೆ. ‘ಹಿಂದುಗಡೆ ಎದ್ದು ನಿಂತಿದೆ, ಸ್ಪ್ರಿಂಗೇ ಸರಿಯಿಲ್ಲ ಅನ್ಸುತ್ತೆ’ ಎನ್ನುತ್ತಾರೆ. ಹೋಗಿ ಕೆಳಗೆ ಮಲಗಿ ನೋಡಿದರೆ ಬಹಳ ಸಲ ಸ್ಪ್ರಿಂಗ್ ಚೆನ್ನಾಗಿಯೇ ಇರುತ್ತದೆ. ಚಕ್ರಗಳು ಇನ್ನೂ ಗಾಳಿಯಲ್ಲಿ ನೇತಾಡುತ್ತಿರುವಾಗಲೇ, ಸ್ಪ್ರಿಂಗಿನ ತುದಿಗಳಲ್ಲಿ ಕೂರುವ ರಬ್ಬರ್ ಬುಶ್‌ಗಳ ಬೋಲ್ಟ್ ಬಿಗಿದುಬಿಟ್ಟಿರುತ್ತಾರೆ. ತಪ್ಪಾಗುವುದು ಅಲ್ಲಿ. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

1. ಏನನ್ನೂ ಬಿಚ್ಚುವ ಮೊದಲು ಅಳತೆ ತೆಗೆದುಕೊಳ್ಳಿ. ನೆಲ ಸಮವಾಗಿರಬೇಕು, ನಾಲ್ಕೂ ಟೈರಿನಲ್ಲಿ ಗಾಳಿ ಸರಿಯಾಗಿರಬೇಕು, ಡಿಕ್ಕಿ ಖಾಲಿ ಇರಬೇಕು, ಟ್ಯಾಂಕ್ ಅರ್ಧ ತುಂಬಿರಲಿ. ಕಾರಿನ ಹಿಂಭಾಗವನ್ನು ನಾಲ್ಕೈದು ಸಲ ಅದುಮಿ ಬಿಡಿ. ಆಮೇಲೆ ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಎಡಕ್ಕೂ ಬಲಕ್ಕೂ 10 ಮಿ.ಮೀ. ಒಳಗಿನ ವ್ಯತ್ಯಾಸವಿದ್ದರೆ ಹಳೆಯ ಕಾರಿನಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಕಾರು ಒಂದು ಕಡೆಗೆ ವಾಲಿದ್ದರೆ ಹಿಂದಿನ ಸ್ಪ್ರಿಂಗನ್ನೇ ದೂರಬೇಡಿ. ಮುಂಭಾಗವನ್ನು, ಅಡ್ಡಲಾಗಿರುವ ತೊಲೆ ಅಂದರೆ ಕ್ರಾಸ್‌ಮೆಂಬರಿನ ಸರಿಯಾದ ನಡುವಿನಲ್ಲಿ ಜಾಕ್ ಕೊಟ್ಟು ಸ್ವಲ್ಪ ಎತ್ತಿ. ಆಗ ಹಿಂಭಾಗ ಸಮವಾಗಿ ನಿಂತರೆ ತೊಂದರೆ ಇರುವುದು ಮುಂದಿನ ಸ್ಪ್ರಿಂಗಿನಲ್ಲಿ. ಈ ಎರಡು ನಿಮಿಷದ ಪರೀಕ್ಷೆ ಮಾಡದೆ ಸುಮ್ನೆ ಹೊಸ ಸ್ಪ್ರಿಂಗಿಗೆ ದುಡ್ಡು ಸುರಿದವರನ್ನು ನೋಡಿದ್ದೇನೆ.

2. ಸ್ಪ್ರಿಂಗ್ ತರಿಸುವಾಗ ಕಾರಿನ ಹೆಸರು ಹೇಳಿದರೆ ಸಾಲದು, ವರ್ಷವನ್ನೂ ಹೇಳಿ. ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರನ್ನೇ ನೋಡಿ. ಅದು 1962ರಿಂದ 1980ರವರೆಗೆ ತಯಾರಾಯಿತು. 1974ರಲ್ಲಿ ರಬ್ಬರ್ ಬಂಪರ್ ಬಂದಾಗ ಅಮೆರಿಕದ ನಿಯಮಗಳಿಗಾಗಿ ಇಡೀ ಕಾರನ್ನು ಸುಮಾರು 25 ಮಿ.ಮೀ. ಎತ್ತರಿಸಿದರು. ಆ ಕಾಲದ ಸ್ಪ್ರಿಂಗನ್ನು ಹಳೆಯ ಕ್ರೋಮ್ ಬಂಪರ್ ಕಾರಿಗೆ ಹಾಕಿದರೆ ಎಷ್ಟು ಸರಿಪಡಿಸಿದರೂ ಎತ್ತರ ಇಳಿಯುವುದಿಲ್ಲ. ಇನ್ನೊಂದು ಮಾತು, ಸ್ಪ್ರಿಂಗ್ ಹಾಕುವುದಾದರೆ ಎರಡೂ ಕಡೆ ಒಟ್ಟಿಗೆ ಹಾಕಿ.

3. ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ. ಹಿಂಭಾಗವನ್ನು ಎತ್ತಿ ಬಾಡಿಯ ಕೆಳಗೆ ಸ್ಟ್ಯಾಂಡ್ ಇಡಿ, ಆಕ್ಸಲ್ ಕೆಳಗೆ ಜಾಕ್ ಇರಲಿ. ಹಳೆಯದನ್ನು ಬಿಚ್ಚಿ. ಆಕ್ಸಲ್ ಇಳಿಸುವಾಗ ಬ್ರೇಕ್ ಹೋಸ್ ಮೇಲೆ ಕಣ್ಣಿರಲಿ, ಅದು ಎಳೆದುಕೊಳ್ಳಬಾರದು.

4. ಹೊಸ ಸ್ಪ್ರಿಂಗನ್ನು ನೆಲದ ಮೇಲಿಟ್ಟು, ಪಟ್ಟಿಗಳನ್ನು ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟಿನಿಂದ ಎರಡೂ ತುದಿಗೆ ಅಳೆಯಿರಿ. ಹೆಸರು ಸೆಂಟರ್ ಬೋಲ್ಟ್ ಆದರೂ ಅದು ನಡುವೆ ಇರಲೇಬೇಕೆಂದಿಲ್ಲ. ಎಷ್ಟೋ ಕಾರುಗಳಲ್ಲಿ ಮುಂದಿನ ಭಾಗ ಗಿಡ್ಡ, ಹಿಂದಿನದು ಉದ್ದ. ತಿರುಗಾಮುರುಗಾ ಹಾಕಿದರೆ ಆಕ್ಸಲ್ ಹಿಂದಕ್ಕೆ ಸರಿದು, ಚಕ್ರ ಮಡ್‌ಗಾರ್ಡಿನ ಒಂದು ಅಂಚಿಗೆ ಹತ್ತಿಕೊಂಡು ನಿಲ್ಲುತ್ತದೆ. ಬಿಚ್ಚಿದ ಹಳೆಯ ಸ್ಪ್ರಿಂಗನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಸೆಂಟರ್ ಬೋಲ್ಟಿನ ತಲೆ, ಸ್ಪ್ರಿಂಗ್ ತಾಗಿ ಕೂರುವ ಆಕ್ಸಲ್ ಪ್ಯಾಡಿನ ತೂತಿನೊಳಗೆ ಪೂರ್ತಿ ಕೂರಬೇಕು. ಕೂತಿದೆಯೋ ಇಲ್ಲವೋ ಎಂದು ಕಣ್ಣಿನಲ್ಲಿ ನೋಡಿ ತೀರ್ಮಾನಿಸಬೇಡಿ. ಪ್ಯಾಡ್ ಮತ್ತು ಪಟ್ಟಿಯ ನಡುವೆ ಸುತ್ತಲೂ ಉಗುರು ಆಡಿಸಿ. ಎಲ್ಲಿಯೂ ಸಂದು ಸಿಗಬಾರದು. ಒಂದು ಮೂಲೆಯಲ್ಲಿ ಉಗುರು ಒಳಗೆ ಹೋದರೂ ಬೋಲ್ಟ್ ತೂತಿನ ಅಂಚಿನ ಮೇಲೆ ಕೂತಿದೆ ಎಂದರ್ಥ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿದು ಹಿಡಿಯುವ ಯು ಬೋಲ್ಟ್ ಎಳೆದರೆ ಕೂತುಕೊಳ್ಳುತ್ತೆ ಅಂದುಕೊಂಡರೆ ಪ್ಯಾಡ್ ಸೊಟ್ಟಗಾಗುತ್ತದೆ. ಯು ಬೋಲ್ಟ್‌ಗಳು ಹೊಸದೇ ಇರಲಿ. ಒಮ್ಮೆ ಎಳೆಸಿಕೊಂಡ ಥ್ರೆಡ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ನಾಲ್ಕು ನಟ್‌ಗಳನ್ನೂ ಮೂಲೆಯಿಂದ ಮೂಲೆಗೆ, ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಬನ್ನಿ.

5. ಈಗ ಮುಖ್ಯ ಕೆಲಸ. ರಬ್ಬರ್ ಬುಶ್ಶನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೊಂದು ಕಬ್ಬಿಣದ ಕೊಳವೆ, ಅದರ ಸುತ್ತ ರಬ್ಬರ್. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಬಾಡಿಗೆ ಕಚ್ಚಿಕೊಳ್ಳುತ್ತದೆ. ರಬ್ಬರಿನ ಹೊರಮೈ ಸ್ಪ್ರಿಂಗಿನ ಜೊತೆ ತಿರುಗುತ್ತದೆ. ಅಂದರೆ ಸ್ಪ್ರಿಂಗ್ ಮೇಲೆ ಕೆಳಗೆ ಆಡಿದಾಗೆಲ್ಲ ನಡುವಿನ ರಬ್ಬರ್ ಹುರಿಯಂತೆ ತಿರುಚಿಕೊಳ್ಳುತ್ತದೆ. ಕಾರು ತನ್ನ ಎತ್ತರಕ್ಕೆ ನಿಂತಾಗ ಈ ತಿರುಚು ಸೊನ್ನೆ ಇರಬೇಕು. ಚಕ್ರ ನೇತಾಡುವಾಗ ಬಿಗಿದರೆ ಕಾರು ಇಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ವಾಪಸ್ ಬರಲು ಒದ್ದಾಡುತ್ತಾ ಹಿಂಭಾಗವನ್ನು ಮೇಲಕ್ಕೆ ತಳ್ಳುತ್ತದೆ. ಸ್ವಲ್ಪ ದಿನ ಕಳೆದ ಮೇಲೆ ಹರಿಯುತ್ತದೆ. ಆಗ ಬುಶ್ಶಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು, ಸ್ಪ್ರಿಂಗಿನ ಹಿಂತುದಿಯನ್ನು ಬಾಡಿಗೆ ಜೋಡಿಸುವ ಶ್ಯಾಕಲ್ ಪಟ್ಟಿಯ ಮೇಲೆ ಕಪ್ಪು ರಬ್ಬರ್ ಪುಡಿ ಕಾಣಿಸುತ್ತದೆ.

ಹಾಗಾಗಿ ಸ್ಪ್ರಿಂಗಿನ ಮುಂದಿನ ಕಣ್ಣಿನ (ತುದಿಯಲ್ಲಿ ಸುತ್ತಿದ ಉಂಗುರದ) ಬೋಲ್ಟ್, ಹಿಂದಿನ ಶ್ಯಾಕಲ್ಲಿನ ಎರಡು ಬೋಲ್ಟ್, ಈ ಮೂರನ್ನೂ ಕೈಯಲ್ಲಿ ತಿರುಗಿಸಿ ನಟ್ ತಾಗುವವರೆಗೆ ಮಾತ್ರ ಹಾಕಿ. ಚಕ್ರ ಹಾಕಿ ಕಾರನ್ನು ಇಳಿಸಿ. ಇಳಿಸಿದ ಕೂಡಲೇ ಬಿಗಿಯಬೇಡಿ. ಟೈರುಗಳು ನೆಲ ಕಚ್ಚಿಕೊಂಡು ಕಾರನ್ನು ಪೂರ್ತಿ ಕೂರಲು ಬಿಟ್ಟಿರುವುದಿಲ್ಲ. ನಾಲ್ಕಾರು ಅಡಿ ಮುಂದೆ ಹಿಂದೆ ತಳ್ಳಿ, ಹಿಂಭಾಗವನ್ನು ಜೋರಾಗಿ ಅದುಮಿ ಬಿಡಿ. ನಂತರ ನಾಲ್ಕೂ ಚಕ್ರಗಳನ್ನು ಗಟ್ಟಿಯಾದ ರ‍್ಯಾಂಪ್ ಮೇಲೆ ನಿಲ್ಲಿಸಿ ಕೆಳಗೆ ಹೋಗಿ. ರ‍್ಯಾಂಪ್ ಇಲ್ಲದಿದ್ದರೆ ಹಿಂದೆ ಸ್ಟ್ಯಾಂಡನ್ನು ಬಾಡಿಗಲ್ಲ, ಚಕ್ರಗಳ ಹತ್ತಿರ ಆಕ್ಸಲ್ಲಿಗೇ ಕೊಡಿ. ಭಾರ ಸ್ಪ್ರಿಂಗಿನ ಮೇಲೇ ಉಳಿಯಬೇಕು ಅಲ್ವಾ, ಅದಕ್ಕೆ. ಜಾಕ್ ಒಂದನ್ನೇ ನಂಬಿ ಯಾವತ್ತೂ ಕಾರಿನ ಕೆಳಗೆ ಹೋಗಬೇಡಿ. ಈಗ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಹಿಡಿದು ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿಯಿರಿ.

ಈಗಾಗಲೇ ತಪ್ಪು ಆಗಿಹೋಗಿದ್ದರೂ ಇದೇ ಮದ್ದು. ನನ್ನ ಕಾರಿಗೂ ಒಂದು ಗ್ಯಾರೇಜಿನಲ್ಲಿ ಹೀಗೇ ಮಾಡಿದ್ದರು. ಭಾರ ಸ್ಪ್ರಿಂಗಿನ ಮೇಲಿಟ್ಟು ಮುಂದಿನ ಬೋಲ್ಟ್ ಸಡಿಲಿಸಿದಾಗ ‘ಕಿರ್’ ಎಂದು ಸದ್ದಾಗಿ ಬಾಡಿ ಕಣ್ಣೆದುರೇ ಒಂದು ಇಂಚಿಗಿಂತ ಜಾಸ್ತಿ ಇಳಿಯಿತು.

ಶ್ಯಾಕಲ್ ಬಾಡಿಯಿಂದ ಕೆಳಗೆ ನೇತಾಡುವ ಕಾರುಗಳಲ್ಲಿ ಅದರ ಕೆಳತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಭಾರ ಬಿದ್ದಾಗ ಸ್ಪ್ರಿಂಗ್ ಚಪ್ಪಟೆಯಾಗಿ ಉದ್ದವಾಗುತ್ತದೆ, ಆ ಉದ್ದ ಹೋಗಬೇಕಾದ್ದು ಹಿಂದಕ್ಕೆ. ಕೆಳತುದಿ ಮುಂದಕ್ಕೆ ಚಾಚಿದ್ದರೆ ಸ್ಪ್ರಿಂಗಿನ ಬಾಗು ಜಾಸ್ತಿ ಇದೆ, ಇಲ್ಲವೇ ತಪ್ಪು ಸ್ಪ್ರಿಂಗ್ ಬಂದಿದೆ.

ಬುಶ್ ವಿಷಯದಲ್ಲಿ ನನ್ನ ಆಯ್ಕೆ ರಬ್ಬರ್. ಪಾಲಿಯುರೆಥೇನ್ ಬುಶ್ ಒಳಗೊಳಗೇ ತಿರುಗುತ್ತದೆ, ತಿರುಚಿನ ತಾಪತ್ರಯ ಇಲ್ಲ, ನಿಜ. ಆದರೆ ಗ್ರೀಸ್ ಒಣಗಿದರೆ ಪ್ರತಿ ಗುಂಡಿಗೂ ಕಿರುಗುಟ್ಟುತ್ತದೆ. ರಬ್ಬರ್ ಬುಶ್ ತೂರಿಸಲು ಎಂಜಿನ್ ಆಯಿಲ್ ಹಚ್ಚಬೇಡಿ, ರಬ್ಬರ್ ಊದಿಕೊಳ್ಳುತ್ತದೆ. ಸೋಪು ನೀರು ಸಾಕು.

ಎತ್ತರ ಇಳಿಸಲು ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಬ್ಲಾಕ್ (ದಪ್ಪ ತುಂಡು) ಇಡುವವರು ಮೊದಲು ಆಕ್ಸಲ್ ಎಲ್ಲಿದೆ ನೋಡಿ. ಸ್ಪ್ರಿಂಗಿನ ಮೇಲೆ ಆಕ್ಸಲ್ ಕೂತಿದ್ದರೆ ಬ್ಲಾಕ್ ಕಾರನ್ನು ಇಳಿಸುತ್ತದೆ. ಆಕ್ಸಲ್ಲಿನ ಮೇಲೆ ಸ್ಪ್ರಿಂಗ್ ಇದ್ದರೆ ಅದೇ ಬ್ಲಾಕ್ ಎತ್ತುತ್ತದೆ. ಒಂದರ ಮೇಲೊಂದು ಬ್ಲಾಕ್ ಪೇರಿಸುವುದು ಅಪಾಯ. ಉದ್ದನೆಯ ಶ್ಯಾಕಲ್ ಹಾಕಿ ಹಿಂಭಾಗ ಎತ್ತುವುದನ್ನಂತೂ ನಾನು ಒಪ್ಪುವುದಿಲ್ಲ. ಕಾರು ತಿರುವಿನಲ್ಲಿ ಅಡ್ಡಡ್ಡ ಓಲಾಡುತ್ತದೆ.

6. ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿ.ಮೀ. ಓಡುವವರೆಗೆ ಸ್ವಲ್ಪ ಎತ್ತರವಾಗಿಯೇ ಇರುತ್ತದೆ. ಅಲ್ಲಿಯವರೆಗೆ ಬ್ಲಾಕ್ ತರಿಸಬೇಡಿ. ಓಡಿಸಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೆ ಟಾರ್ಕ್ ರೆಂಚಿನಲ್ಲಿ ನೋಡಿ. ಕಾರು ಕೂತಿದ್ದರೆ ಬುಶ್ ಬೋಲ್ಟ್‌ಗಳನ್ನೂ ಒಮ್ಮೆ ಸಡಿಲಿಸಿ, ಭಾರದ ಮೇಲೆಯೇ ಮತ್ತೆ ಬಿಗಿಯಿರಿ. ಆಮೇಲೆ ಅದೇ ಜಾಗದಲ್ಲಿ, ಅಷ್ಟೇ ಗಾಳಿ, ಅಷ್ಟೇ ಪೆಟ್ರೋಲ್ ಇಟ್ಟುಕೊಂಡು ಅಳೆಯಿರಿ. ಆಗಲೂ ಎತ್ತರ ಜಾಸ್ತಿ ಇದ್ದರೆ ಎರಡೂ ಸ್ಪ್ರಿಂಗ್ ಬಿಚ್ಚಿ, ಪಟ್ಟಿಗಳ ಬಾಗು ಕಡಿಮೆ ಮಾಡಿಕೊಡಲು ಸ್ಪ್ರಿಂಗ್ ಕೆಲಸದವರಿಗೆ ಕೊಡಿ. ಬರೆದಿಟ್ಟ ಅಳತೆಯ ಚೀಟಿಯನ್ನೂ ಜೊತೆಗೆ ಕೊಡಿ.